ಡಿಸ್‌ಪ್ಲೇ ಬರ್ತಿಲ್ಲ

"ಆನ್ ಆಗ್ತಿದೆ, ಫ್ಯಾನ್ ತಿರುಗ್ತಿದೆ, ಆದ್ರೆ ಡಿಸ್‌ಪ್ಲೇ ಬರ್ತಿಲ್ಲ." ಕಂಪ್ಯೂಟರ್ ರಿಪೇರಿಯ ಸಹವಾಸ ಇರುವವರೆಲ್ಲ ಈ ಮಾತನ್ನು ಕೇಳಿಯೇ ಇರುತ್ತಾರೆ. ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡಿದಷ್ಟು ಕಾಲ ನನ್ನ ಬೆಳಗುಗಳು ಈ ಮಾತಿನಿಂದಲೇ ಶುರುವಾಗುತ್ತಿದ್ದವು. ನಿವೃತ್ತಳಾದ ಮೇಲೂ ನೆಂಟರು, ನೆರೆಯವರು ಫೋನಿನಲ್ಲಿ ಅದನ್ನೇ ಹೇಳುತ್ತಾರೆ. ನನಗೆ ಅದು ಬೇಸರದ ಮಾತಲ್ಲ. ಅದರೊಳಗೆ ಎಷ್ಟು ಸುಳಿವು ಇದೆ ನೋಡಿ. ಫ್ಯಾನ್ ತಿರುಗುತ್ತಿದೆ ಎಂದರೆ ಸ್ವಿಚ್ಚು ಸರಿಯಿದೆ, ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ, ಬೋರ್ಡಿಗೆ 12 ವೋಲ್ಟು ತಲುಪುತ್ತಿದೆ. ಹೇಳುವವರು ತಮಗೆ ಗೊತ್ತಿಲ್ಲದೆಯೇ ಪರೀಕ್ಷೆಯ ಮೊದಲ ಪಾಠ ಮುಗಿಸಿರುತ್ತಾರೆ.

ಈಚೆಗೆ ಆ ಮಾತು ಬಂದದ್ದು ನನ್ನ ಅಣ್ಣನ ಮಗನಿಂದ. ಮದುವೆ, ಗೃಹಪ್ರವೇಶ, ನಾಮಕರಣಗಳ ವಿಡಿಯೋ ಎಡಿಟ್ ಮಾಡಿಕೊಡುವುದು ತಿಪಟೂರಿನಲ್ಲಿ ಅವನ ಕಸುಬು. ಅವನ ಕಂಪ್ಯೂಟರಿನಲ್ಲಿ ಇದ್ದದ್ದು ಎಎಂಡಿಯ ರೈಝೆನ್ 3 2200ಜಿ. 2018ರ ಪ್ರೊಸೆಸರು, ನಾಲ್ಕು ಕೋರಿನದು. ಧಾರೆಯಿಂದ ಆರತಕ್ಷತೆಯವರೆಗಿನ ವಿಡಿಯೋ ರೆಂಡರಿಗೆ ಹಾಕಿ ಮಲಗಿದರೆ ಬೆಳಿಗ್ಗೆ ಎದ್ದಾಗಲೂ ಮುಗಿದಿರುತ್ತಿರಲಿಲ್ಲ. ಲಗ್ನದ ತಿಂಗಳುಗಳಲ್ಲಿ ಹಾಗಾದರೆ ಬದುಕು ನಡೆಯುವುದು ಹೇಗೆ? ದುಡ್ಡು ಕೂಡಿಸಿ ರೈಝೆನ್ 7 5700ಎಕ್ಸ್ ತಂದ. 2022ರಲ್ಲಿ ಬಂದದ್ದು, ಎಂಟು ಕೋರು, 16 ಥ್ರೆಡ್ಡು. ಅವನದು ಬಿ450 ಚಿಪ್‌ಸೆಟ್ಟಿನ ಬೋರ್ಡು, ಎಎಂ4 ಸಾಕೆಟ್ಟು. ಹಳೆಯ ಪ್ರೊಸೆಸರೂ ಹೊಸದೂ ಕೂರುವುದು ಅದೇ ಸಾಕೆಟ್ಟಿನಲ್ಲಿ. ಬೋರ್ಡಿನ ಕಂಪನಿ ಕೊಟ್ಟ ಪಟ್ಟಿಯಲ್ಲಿ ಹೊಸದರ ಹೆಸರೂ ಇತ್ತು. ಕೂರಿಸಿದ, ಪೇಸ್ಟ್ ಹಚ್ಚಿದ, ಕೂಲರ್ ಬಿಗಿದ, ಸ್ವಿಚ್ಚು ಒತ್ತಿದ. ಮಾನಿಟರ್ ಕಪ್ಪಗೇ ಉಳಿಯಿತು.

ಹತ್ತಿರದ ಅಂಗಡಿಯೊಂದರಲ್ಲಿ ತೋರಿಸಿದ. "ಬೋರ್ಡ್ ಹೋಗಿದೆ, ಬೇರೆ ಹಾಕಿಸಿ. ಇಷ್ಟು ದೊಡ್ಡ ಪ್ರೊಸೆಸರ್‌ಗೆ ಎಸ್‌ಎಂಪಿಎಸ್ಸೂ ದೊಡ್ಡದು ಬೇಕು" ಅಂದರಂತೆ. ಅವನು ನನಗೆ ಫೋನ್ ಮಾಡಿದಾಗ ದನಿ ಬಿದ್ದುಹೋಗಿತ್ತು. "ಅತ್ತೆ, ಅಡ್ವಾನ್ಸ್ ಇಸ್ಕೊಂಡಿದೀನಿ. ಮೂರು ಮದುವೆ ಪೆಂಡಿಂಗ್ ಇದೆ."

ಎಸ್‌ಎಂಪಿಎಸ್ಸಿನ ಮಾತು ನಿಲ್ಲುವಂಥದ್ದಲ್ಲ ಎಂಬುದು ಫೋನಿನಲ್ಲೇ ತಿಳಿಯಿತು. 2200ಜಿ ಕೂಡ 65 ವ್ಯಾಟಿನ ವರ್ಗದ್ದು, 5700ಎಕ್ಸ್ ಕೂಡ 65 ವ್ಯಾಟಿನದೇ. ಕೋರು ಹೆಚ್ಚಿತೆಂದು ಸ್ವಿಚ್ಚು ಒತ್ತಿದ ಕ್ಷಣದಲ್ಲೇ ಕರೆಂಟು ಸಾಲದೆ ಹೋಗುವುದಿಲ್ಲ. ಇನ್ನು ಬೋರ್ಡು. ಅದೇ ದಿನ ಬೆಳಿಗ್ಗೆ ಹಳೆಯ ಪ್ರೊಸೆಸರಿನಲ್ಲಿ ಚೆನ್ನಾಗಿ ಓಡಿದ ಬೋರ್ಡು ಮಧ್ಯಾಹ್ನ ಸತ್ತಿತು ಎಂದು ನಂಬಲು ನನಗೆ ಕಾರಣ ಬೇಕು. ಕಾರಣ ಕೇಳದೆ ಬೋರ್ಡನ್ನು ಗುಜರಿಗೆ ಕಳಿಸುವ ಮಾತು ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಪದರ ಪದರವಾದ ತಾಮ್ರ, ನೂರಾರು ಬಿಡಿಭಾಗ, ಎಷ್ಟೋ ಜನರ ಕೈಕೆಲಸ ಸೇರಿ ಆದ ವಸ್ತುವೊಂದನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡಬಾರದು.

ನಮ್ಮ ತೋಟದ ಪಂಪ್‌ಸೆಟ್ಟು ನಿಂತಾಗ ಅಪ್ಪ ಮಾಡುತ್ತಿದ್ದುದು ನೆನಪಾಗುತ್ತದೆ. ಮೋಟಾರು ಬಿಚ್ಚುವುದು ಕಟ್ಟಕಡೆಗೆ. ಮೊದಲು ಮೂರು ಫೇಸೂ ಬರುತ್ತಿದೆಯೇ ನೋಡಬೇಕು, ಆಮೇಲೆ ಫ್ಯೂಸು, ಆಮೇಲೆ ಸ್ಟಾರ್ಟರು, ಆಮೇಲೆ ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆಯೇ ಎಂದು. ಇಷ್ಟೂ ಸರಿಯಿದ್ದರೆ ಮಾತ್ರ ವೈಂಡಿಂಗ್ ಮಾಡುವವನಿಗೆ ಹೇಳಿಕಳಿಸುವುದು. ದುಡ್ಡು ಬೇಡುವ ಅನುಮಾನ ಕೊನೆಗೆ, ಕೈಯಲ್ಲೇ ನೋಡಬಹುದಾದದ್ದು ಮೊದಲು. ಲ್ಯಾಬಿನ ಹುಡುಗರಿಗೆ ನಾನು ಹೇಳಿಕೊಟ್ಟದ್ದೂ ಇದೇ ಕ್ರಮ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿ ಯಂತ್ರ ಓಡಿಬಿಟ್ಟರೆ ಯಾವುದರಿಂದ ಓಡಿತು ಎಂಬುದು ತಿಳಿಯುವುದೇ ಇಲ್ಲ.

ತಿಪಟೂರಿಗೆ ಹೋದೆ. ಕ್ಯಾಬಿನೆಟ್ಟನ್ನು ಮಂಚದ ಮೇಲೆ ಮಲಗಿಸಿಕೊಂಡು ಕೂತೆವು.

ಮೊದಲು ಮಾನಿಟರಿನ ಕೇಬಲ್ಲು. ಇದು ಕ್ಷುಲ್ಲಕ ಅನ್ನಿಸಬಹುದು, ಅಲ್ಲ. 2200ಜಿಯ ಒಳಗೇ ಡಿಸ್‌ಪ್ಲೇ ಕೊಡುವ ಗ್ರಾಫಿಕ್ಸ್ ಇದೆ. ಮಾದರಿಯ ಕೊನೆಯಲ್ಲಿರುವ ಜಿ ಅಕ್ಷರ ಅದನ್ನೇ ಹೇಳುತ್ತದೆ. 5700ಎಕ್ಸ್‌ನಲ್ಲಿ ಅದಿಲ್ಲ. ಹಾಗಾಗಿ ಬೋರ್ಡಿನ ಎಚ್‌ಡಿಎಂಐ ಕಿಂಡಿಗೆ ಕೇಬಲ್ ಸಿಕ್ಕಿಸಿದ್ದರೆ ಯಂತ್ರ ಒಳಗೊಳಗೇ ಸಲೀಸಾಗಿ ಓಡುತ್ತಿದ್ದರೂ ಮಾನಿಟರಿಗೆ ಏನೂ ಬಾರದು. ಗ್ರಾಫಿಕ್ಸ್ ಕಾರ್ಡೇ ಇಲ್ಲದವರು ಇಂಥ ಪ್ರೊಸೆಸರ್ ಹಾಕಿಸಿದರೆ ಕಾರ್ಡು ತರುವವರೆಗೂ ಅವರಿಗೆ ಡಿಸ್‌ಪ್ಲೇ ಇಲ್ಲ. ಇವನ ಬಳಿ ಕಾರ್ಡು ಇತ್ತು, ಕೇಬಲ್ಲೂ ಅದಕ್ಕೇ ಇತ್ತು. ಆಮೇಲೆ ಪ್ರೊಸೆಸರಿನ ಪಕ್ಕದ ಎಂಟು ಪಿನ್ನಿನ ಪವರ್ ಕೇಬಲ್ಲು. ಕೂಲರ್ ಕೂರಿಸುವಾಗ ಅಡ್ಡ ಬರುತ್ತದೆಂದು ಬಿಚ್ಚಿ ಮರೆಯುವುದು ಉಂಟು. ಅದಿಲ್ಲದೆಯೂ ಫ್ಯಾನು ತಿರುಗುತ್ತದೆ. ಅದೂ ಸರಿಯಿತ್ತು. ರ‍್ಯಾಮ್ ಎರಡನ್ನೂ ತೆಗೆದು ಅವುಗಳ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರಾಗಿ ಉಜ್ಜಿ, ಒಂದನ್ನು ಮಾತ್ರ ಪ್ರೊಸೆಸರಿನಿಂದ ಎರಡನೆಯ ಸ್ಲಾಟಿನಲ್ಲಿ ಹಾಕಿದೆ. ಈ ರಬ್ಬರಿನ ವೈದ್ಯ ನಮ್ಮ ಕಡೆ ಎಷ್ಟು ಕಂಪ್ಯೂಟರುಗಳನ್ನು ಉಳಿಸಿದೆಯೋ! ಇಲ್ಲಿ ಫಲಿಸಲಿಲ್ಲ. ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು, ಕರೆಂಟು ಬಿಡಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದೆ. ಹಳೆಯ ಸೆಟ್ಟಿಂಗುಗಳು ಅಳಿದವು, ಕತ್ತಲೆ ಅಳಿಯಲಿಲ್ಲ.

ಆದರೆ ಬೋರ್ಡಿನ ಮೂಲೆಯಲ್ಲಿ ನಾಲ್ಕು ಪುಟ್ಟ ದೀಪಗಳಿದ್ದವು: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಹಿಂದೆಲ್ಲ ಬೋರ್ಡಿನ ಸ್ಪೀಕರು ಕೂಗಿ ಹೇಳುತ್ತಿತ್ತು. ಅವಾರ್ಡ್ ಬಯಾಸ್‌ನಲ್ಲಿ ಒಂದು ಉದ್ದ ಎರಡು ಗಿಡ್ಡ ಬೀಪು ಬಂದರೆ ಡಿಸ್‌ಪ್ಲೇ ಕಾರ್ಡು ನೋಡು ಎಂದರ್ಥ. ಲ್ಯಾಬಿನ ಆ ತುದಿಯಿಂದಲೇ ಕೇಳಿ ರೋಗ ಹೇಳಬಹುದಿತ್ತು. ಈಗಿನ ದೀಪಗಳು ಒಂದಾದ ಮೇಲೊಂದು ಹತ್ತಿ ಆರಬೇಕು. ಇಲ್ಲಿ ಸಿಪಿಯು ದೀಪ ಹತ್ತಿ ಅಲ್ಲೇ ನಿಂತಿತ್ತು.

ಪ್ರೊಸೆಸರು ಸತ್ತಿದ್ದರೂ ಆ ದೀಪ ಹಾಗೇ ಉರಿಯುತ್ತದೆ. ಪ್ರೊಸೆಸರು ಯಾರೆಂದು ಬೋರ್ಡಿಗೆ ತಿಳಿಯದಿದ್ದರೂ ಹಾಗೇ ಉರಿಯುತ್ತದೆ. ಎರಡರ ನಡುವೆ ವ್ಯತ್ಯಾಸ ಹೇಳುವ ಶಕ್ತಿ ಅದಕ್ಕಿಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಬಹಳ ಜನ ನನ್ನನ್ನು ಕೇಳುವುದುಂಟು: ಇಷ್ಟೆಲ್ಲ ಬುದ್ಧಿಯಿರುವ ಯಂತ್ರ 'ನನಗೆ ಈ ಪ್ರೊಸೆಸರ್ ಗೊತ್ತಿಲ್ಲ' ಎಂದು ಒಂದು ಸಾಲು ಬರೆದು ತೋರಿಸಬಾರದೇ? ತೋರಿಸಲಾರದು, ಯಾಕೆಂದರೆ ಆ ಸಾಲನ್ನು ಬರೆಯಬೇಕಾದದ್ದೂ ಅದೇ ಪ್ರೊಸೆಸರು. ರೈಝೆನ್ ಒಳಗೆ ಭದ್ರತೆಗೆಂದು ಇಟ್ಟ ಒಂದು ಪುಟ್ಟ ಆರ್ಮ್ ಕೋರ್ ಇದೆ. ಸ್ವಿಚ್ಚು ಒತ್ತಿದಾಗ ಮೊದಲು ಏಳುವುದು ಅದು. ಅದು ಬೋರ್ಡಿನ ಮೇಲಿರುವ ಫ್ಲ್ಯಾಶ್ ಚಿಪ್ಪಿನಲ್ಲಿ ತನ್ನ ಪೀಳಿಗೆಗೆಂದು ಬರೆದಿಟ್ಟ ಕೋಡನ್ನು ಹುಡುಕುತ್ತದೆ, ಓದುತ್ತದೆ, ರ‍್ಯಾಮ್ ಅನ್ನು ಹದಗೊಳಿಸುತ್ತದೆ. ಆಮೇಲೆ ದೊಡ್ಡ ಕೋರುಗಳು ಏಳುತ್ತವೆ, ಕೀಬೋರ್ಡು, ಡಿಸ್ಕು, ಡಿಸ್‌ಪ್ಲೇ ಎಲ್ಲ ಅದರ ನಂತರ. ಈ ಮೊದಲ ಕೋಡಿನ ಕಟ್ಟನ್ನು ಎಎಂಡಿ ಅಜೆಸಾ ಎಂಬ ಹೆಸರಿನಲ್ಲಿ ಬೋರ್ಡ್ ಕಂಪನಿಗಳಿಗೆ ಕೊಡುತ್ತದೆ. ಅವರು ಅದನ್ನು ಆ ಫ್ಲ್ಯಾಶ್ ಚಿಪ್ಪಿನಲ್ಲಿರುವ ತಮ್ಮ ಬಯಾಸ್‌ನಲ್ಲಿ ಸೇರಿಸುತ್ತಾರೆ. 2019ರಲ್ಲಿ ಬರೆದ ಬಯಾಸ್‌ನಲ್ಲಿ 2022ರ ಪ್ರೊಸೆಸರಿಗೆ ಬೇಕಾದ ಕೋಡು ಇರಲು ಸಾಧ್ಯವೇ ಇಲ್ಲ. ಪುಟ್ಟ ಕೋರು ಎದ್ದು ಹುಡುಕಿತು, ತನ್ನದು ಸಿಗಲಿಲ್ಲ, ಅಲ್ಲೇ ನಿಂತಿತು. ಬೋರ್ಡು ಕೆಟ್ಟಿಲ್ಲ. ಪ್ರೊಸೆಸರು ಕೆಟ್ಟಿಲ್ಲ. ಇಬ್ಬರ ನಡುವೆ ಪರಿಚಯ ಆಗಿಲ್ಲ, ಅಷ್ಟೆ.

ಸಾಕೆಟ್ಟು ಒಂದೇ ಆದರೆ ಸಾಕು ಎಂಬ ನಂಬಿಕೆ ಎಷ್ಟೋ ಜನರನ್ನು ಹೀಗೆ ಕತ್ತಲಲ್ಲಿ ಕೂರಿಸಿದೆ. ಇಂಟೆಲ್ಲಿನ 775 ಸಾಕೆಟ್ಟು 2004ರಲ್ಲಿ ಬಂತು. 2006ರ ಕೋರ್ 2 ಡುಯೋ ಅದರಲ್ಲಿ ಸರಿಯಾಗಿ ಕೂರುತ್ತಿತ್ತು, ಆದರೆ 915 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಓಡುತ್ತಿರಲಿಲ್ಲ. ನಮ್ಮ ಲ್ಯಾಬಿನಲ್ಲಿ ಅಂಥ ಬೋರ್ಡುಗಳ ಸಾಲೇ ಇತ್ತು. ಅದೇ ಕಂಪನಿಯ 1151 ಸಾಕೆಟ್ಟಿನಲ್ಲಿ 2017ರ ಎಂಟನೆಯ ಪೀಳಿಗೆಯನ್ನು ಹಳೆಯ 100, 200 ಸರಣಿಯ ಬೋರ್ಡುಗಳಿಗೆ ಹಾಕಿದರೂ ಅದೇ ಗತಿ. ಅದಕ್ಕೆ ಹೋಲಿಸಿದರೆ ಎಎಂ4 ಉದಾರ ಸಾಕೆಟ್ಟು. 2016ರಲ್ಲಿ ಶುರುವಾದದ್ದಕ್ಕೆ 2024ರಲ್ಲೂ ಹೊಸ ಪ್ರೊಸೆಸರುಗಳು ಬಂದವು. ಆ ಔದಾರ್ಯವೂ ಸಲೀಸಾಗಿ ಸಿಕ್ಕದ್ದಲ್ಲ. ಬಿ450ಯಂಥ ಬೋರ್ಡುಗಳಿಗೆ ಝೆನ್ 3, ಅಂದರೆ ಈ 5700ಎಕ್ಸ್‌ನ ಪೀಳಿಗೆಯ ಪ್ರೊಸೆಸರುಗಳ ಬೆಂಬಲ ಇರುವುದಿಲ್ಲ ಎಂದು ಎಎಂಡಿ 2020ರ ಮೇ ತಿಂಗಳಲ್ಲಿ ಹೇಳಿತು. ಬಯಾಸ್ ಚಿಪ್ಪಿನಲ್ಲಿರುವ 16 ಎಂಬಿ ಜಾಗದಲ್ಲಿ ಅಷ್ಟೂ ಪೀಳಿಗೆಯ ಕೋಡು ಹಿಡಿಸದು ಎಂಬುದು ಅದರ ಕಾರಣ. ಬಳಸುವವರು ಸುಮ್ಮನಿರಲಿಲ್ಲ, ಕೊಂಡಾಗ ಆಡಿದ ಮಾತು ಎಲ್ಲಿ ಹೋಯಿತು ಎಂದು ಕೇಳಿದರು. ಅದೇ ತಿಂಗಳು ಕಂಪನಿ ನಿರ್ಧಾರ ಬದಲಿಸಿತು. ಕೇಳುವವರು ಇದ್ದರೆ ಬೋರ್ಡಿನ ಆಯುಷ್ಯ ಹೆಚ್ಚುತ್ತದೆ ಎಂಬುದಕ್ಕೆ ಇಷ್ಟು ಒಳ್ಳೆಯ ಸಾಕ್ಷಿ ನನಗೆ ಬೇರೆ ಸಿಕ್ಕಿಲ್ಲ.

ಬೋರ್ಡಿನ ಪಟ್ಟಿಯನ್ನು ಮತ್ತೆ ತೆರೆಸಿ ನೋಡಿದೆ. 5700ಎಕ್ಸ್ ಎಂಬ ಹೆಸರಿನ ಎದುರು ಇನ್ನೊಂದು ಕಾಲಂ ಇತ್ತು: ಯಾವ ಬಯಾಸ್ ಆವೃತ್ತಿಯಿಂದ ಎಂದು. ಪಟ್ಟಿಯಲ್ಲಿ ಹೆಸರು ನೋಡುವವರು ಆ ಕಾಲಂ ನೋಡುವುದು ಕಡಿಮೆ.

ದಾರಿ ಈಗ ಸ್ಪಷ್ಟ. ಬಯಾಸ್ ಹೊಸದು ಹಾಕಬೇಕು. ಪ್ರೊಸೆಸರೇ ಇಲ್ಲದೆ ಪೆನ್‌ಡ್ರೈವಿನಿಂದ ಬಯಾಸ್ ಹಾಕಿಕೊಳ್ಳುವ ಫ್ಲ್ಯಾಶ್‌ಬ್ಯಾಕ್ ಬಟನ್ ಕೆಲವು ಬೋರ್ಡುಗಳಲ್ಲಿ ಇರುತ್ತದೆ, ಇದರಲ್ಲಿ ಇರಲಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಚಿಪ್ಪಿಗೇ ಕ್ಲಿಪ್ಪು ಕಚ್ಚಿಸಿ ಸಿಎಚ್341ಎ ಎಂಬ ಪುಟ್ಟ ಪ್ರೋಗ್ರಾಮರಿನಿಂದ ಬರೆದುಕೊಡುವ ಹುಡುಗರು ಸಿಗುತ್ತಾರೆ. ಆ ಹುಡುಗರ ಬಗ್ಗೆ ನನಗೆ ಬಹಳ ಗೌರವ. ಚಿಪ್ಪು 3.3 ವೋಲ್ಟಿನದೋ 1.8 ವೋಲ್ಟಿನದೋ ನೋಡಿಕೊಳ್ಳದೆ ಕರೆಂಟು ಕೊಟ್ಟರೆ ಸುಡುತ್ತದೆ. ಅವರು ನೋಡಿಯೇ ಕೊಡುತ್ತಾರೆ. ಆದರೆ ಅದಕ್ಕಿಂತ ಸುಲಭದ ದಾರಿ ಒಂದಿತ್ತು.

"ಲೋ, ಹಳೇ ಪ್ರೊಸೆಸರ್ ಎಲ್ಲೋ?"

"ಫ್ರೆಂಡಿಗೆ ಕೊಟ್ಟೆ ಅತ್ತೆ. ಕಡೂರಲ್ಲಿದಾನೆ."

2200ಜಿಯ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. 2018ರ ಫೆಬ್ರುವರಿಯಲ್ಲಿ ಅದು ಬಂದಾಗ ಅಂಗಡಿಗಳಲ್ಲಿ ಇದ್ದದ್ದೆಲ್ಲ ಹಳೆಯ ಬಯಾಸ್‌ನ 300 ಸರಣಿಯ ಬೋರ್ಡುಗಳು. ಕೊಂಡವರು ಕೂರಿಸಿದರು, ಡಿಸ್‌ಪ್ಲೇ ಬರಲಿಲ್ಲ. ಆಗ ಎಎಂಡಿ, ಕೇಳಿದವರಿಗೆ ಒಂದು ಹಳೆಯ ಮಾದರಿಯ ಪ್ರೊಸೆಸರನ್ನು ಎರವಲು ಕಳಿಸುವ ವ್ಯವಸ್ಥೆ ಮಾಡಿತು. ಅದನ್ನು ಹಾಕಿ, ಬಯಾಸ್ ಹೊಸದು ಮಾಡಿಕೊಂಡು, ಪ್ರೊಸೆಸರನ್ನು ವಾಪಸು ಕಳಿಸಿದರಾಯಿತು. ಬೂಟ್ ಕಿಟ್ ಎಂದು ಅದನ್ನು ಕರೆದರು. ಅಂದು ತಾನು ಎದ್ದೇಳಲು ತನಗಿಂತ ಹಿರಿಯನ ನೆರವು ಪಡೆದ 2200ಜಿಯೇ ಈಗ ಕಿರಿಯನೊಬ್ಬನನ್ನು ಎಬ್ಬಿಸಬೇಕಾಗಿತ್ತು.

ಸ್ನೇಹಿತ ಕಡೂರಿನಿಂದ ರೈಲಿನಲ್ಲಿ ಬಂದ. ಪ್ರೊಸೆಸರು ಅದರ ಮೂಲ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇತ್ತು, ಅದನ್ನು ಅಂಗಿಯ ಜೇಬಿನಲ್ಲಿಟ್ಟು ಮೇಲೆ ಕೈ ಅದುಮಿಕೊಂಡೇ ಪ್ರಯಾಣ ಮಾಡಿದ್ದನಂತೆ. ತನ್ನ ಮೊದಲ ಕಂಪ್ಯೂಟರಿಗೆ ಒಂದೊಂದೇ ಭಾಗ ಕೂಡಿಹಾಕುತ್ತಿದ್ದ ಹುಡುಗ. "ಆಂಟಿ, ನಾನೂ ನೋಡಬಹುದಾ?" ಎಂದು ಮಂಚದ ಇನ್ನೊಂದು ಬದಿಗೆ ಕೂತ.

ಎಎಂ4ನಲ್ಲಿ ಪಿನ್ನುಗಳಿರುವುದು ಪ್ರೊಸೆಸರಿನ ಕೆಳಗೆ, ಒಟ್ಟು 1331. ಇದರ ಕೂಲರ್ ತೆಗೆಯುವುದನ್ನು ನೋಡಿ ಕಲಿಯಬೇಕೇ ಹೊರತು ಓದಿ ಕಲಿಯುವುದು ಕಷ್ಟ. ಪೇಸ್ಟು ಕೂಲರಿಗೂ ಪ್ರೊಸೆಸರಿಗೂ ನಡುವೆ ಅಂಟಿಕೊಂಡಿರುತ್ತದೆ. ನೇರ ಮೇಲಕ್ಕೆ ಎಳೆದರೆ ಸಾಕೆಟ್ಟಿನ ಲಿವರ್ ಹಾಕಿದ್ದರೂ ಪ್ರೊಸೆಸರು ಕೂಲರಿನ ಜೊತೆಗೇ ಕಿತ್ತು ಬರುತ್ತದೆ, ಪಿನ್ನು ಬಾಗುತ್ತವೆ. ಹಾಗಾಗಿ ಸ್ಕ್ರೂಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪ ಸಡಿಲಿಸಬೇಕು. ಆಮೇಲೆ ಕೂಲರನ್ನು ಎತ್ತದೆ ಎಡಕ್ಕೆ, ಬಲಕ್ಕೆ ಮೆಲ್ಲಗೆ ತಿರುಚಬೇಕು. ಅಂಟು ಬಿಡುವುದು ಬೆರಳಿಗೇ ತಿಳಿಯುತ್ತದೆ. ಓಡುತ್ತಿರುವ ಯಂತ್ರವಾದರೆ ಮೊದಲು ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾದ ಮೇಲೆ ಬಿಚ್ಚುವುದು ಒಳ್ಳೆಯದು, ಪೇಸ್ಟು ಮೆತ್ತಗಾಗಿರುತ್ತದೆ. ನಮ್ಮದು ಹೊಸ ಪೇಸ್ಟು, ಬೇಗ ಬಿಟ್ಟಿತು. ಲಿವರ್ ಎತ್ತಿ 5700ಎಕ್ಸ್ ತೆಗೆದು, ಬೆಳಕಿಗೆ ಓರೆಯಾಗಿ ಹಿಡಿದು ಪಿನ್ನಿನ ಸಾಲುಗಳನ್ನು ಎರಡು ದಿಕ್ಕಿನಿಂದಲೂ ನೋಡಿದೆ. ಒಂದು ಬಾಗಿದ್ದರೂ ಆ ಸಾಲು ಮುರಿದು ಕಾಣುತ್ತದೆ. ಹುಡುಗರಿಬ್ಬರಿಗೂ ತೋರಿಸಿದೆ. ಎಲ್ಲ ನೆಟ್ಟಗಿದ್ದವು. 0.5 ಮಿಲಿಮೀಟರಿನ ಮೆಕ್ಯಾನಿಕಲ್ ಪೆನ್ಸಿಲಿನ ಸೀಸ ತೆಗೆದು ಅದರ ಖಾಲಿ ತುದಿಯಲ್ಲಿ ಪಿನ್ನು ನೆಟ್ಟಗೆ ಮಾಡುವ ವಿದ್ಯೆಯನ್ನೂ ಹೇಳಿದೆ. ಇಂದಲ್ಲ ನಾಳೆ ಬೇಕಾಗುತ್ತದೆ.

ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಬಿಟ್ಟರೆ 2200ಜಿ ತನ್ನ ಭಾರದಿಂದಲೇ ಕೆಳಗಿಳಿಯಿತು. ಅದನ್ನು ಒತ್ತಬಾರದು. ಲಿವರ್ ಹಾಕಿ, ಪೇಸ್ಟು ಹಚ್ಚಿ, ಕೂಲರ್ ಬಿಗಿದು ಸ್ವಿಚ್ಚು ಒತ್ತಿದೆವು. ಸಿಪಿಯು ದೀಪ ಹತ್ತಿ ಆರಿತು, ಉಳಿದ ಮೂರೂ ಹತ್ತಿ ಆರಿದವು, ಬೋರ್ಡ್ ಕಂಪನಿಯ ಚಿತ್ರ ಮಾನಿಟರಿನಲ್ಲಿ ಬಂತು. ಸೆಟಪ್ಪಿಗೆ ಹೋದರೆ ಮೇಲುಗಡೆಯೇ ಬಯಾಸ್‌ನ ಆವೃತ್ತಿ ಮತ್ತು ತಾರೀಕು: 2019. ಅನುಮಾನ ಖಚಿತವಾಯಿತು.

ಇನ್ನುಳಿದದ್ದು ಎಚ್ಚರದ ಕೆಲಸ. ಕಂಪನಿಯ ಸೈಟಿನಿಂದ ಅದೇ ಬೋರ್ಡಿನ, ಅದೇ ರಿವಿಷನ್ನಿನ ಫೈಲನ್ನು ಇಳಿಸಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಬೇಕು. ಪ್ರತಿ ಆವೃತ್ತಿಯ ಕೆಳಗಿನ ಟಿಪ್ಪಣಿ ಓದಬೇಕು. ಹಳೆಯದರಿಂದ ನೇರ ಹೊಸದಕ್ಕೆ ಜಿಗಿಯಬೇಡಿ, ನಡುವಿನ ಒಂದು ಆವೃತ್ತಿ ಮೊದಲು ಹಾಕಿ ಎಂದು ಕೆಲವು ಬೋರ್ಡುಗಳಿಗೆ ಬರೆದಿರುತ್ತಾರೆ. ಬರೆಯುವಾಗ ಕರೆಂಟು ಹೋದರೆ ಬೋರ್ಡು ನಿಜವಾಗಿಯೇ ಏಳದಂತಾಗಬಹುದು. ನಮ್ಮ ಊರುಗಳ ಕರೆಂಟನ್ನು ನಂಬಿ ಈ ಕೆಲಸಕ್ಕೆ ಕೈಹಾಕುವುದು ಬೇಡ. ಪಕ್ಕದ ಮನೆಯಿಂದ ಯುಪಿಎಸ್ ತಂದು ಅದಕ್ಕೆ ಸಿಕ್ಕಿಸಿಕೊಂಡೆವು. ಶೇಕಡಾ ಲೆಕ್ಕ ಏರುತ್ತಾ ಹೋಯಿತು, ಮುಗಿಯಿತು, ಯಂತ್ರ ತಾನೇ ಮತ್ತೆ ಶುರುವಾಯಿತು. ಇಲ್ಲಿ ಒಂದು ಮಾತು: ಬಯಾಸ್ ಬದಲಾದ ಮೇಲೆ ಮೊದಲ ಸಲ ರ‍್ಯಾಮ್ ಅನ್ನು ಹೊಸದಾಗಿ ಹದಗೊಳಿಸಿಕೊಳ್ಳುವವರೆಗೆ ಮಾನಿಟರ್ ಕಪ್ಪಗೇ ಇರುತ್ತದೆ. ಆಗ ಗಾಬರಿಯಾಗಿ ಸ್ವಿಚ್ಚು ಆರಿಸಬಾರದು, ಕಾಯಬೇಕು.

ಮತ್ತೆ ಬಿಚ್ಚಿ, ಹಳೆಯ ಪೇಸ್ಟು ಒರೆಸಿ, 5700ಎಕ್ಸ್ ಕೂರಿಸಿದೆವು. ಈ ಸಲ ಸ್ವಿಚ್ಚು ಒತ್ತಿದವನು ಅಣ್ಣನ ಮಗ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂದವು. ಹೊಸ ಪ್ರೊಸೆಸರು ಹಾಕಿದ್ದೀರಿ, ಎಫ್‌ಟಿಪಿಎಂ ದಾಖಲೆ ಅಳಿಸಬೇಕಾದರೆ ವೈ ಒತ್ತಿ, ಉಳಿಸಬೇಕಾದರೆ ಎನ್ ಒತ್ತಿ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಅವನ ಬೆರಳು ವೈ ಕಡೆಗೆ ಹೋಗುತ್ತಿತ್ತು, ತಡೆದೆ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ ಅದರ ಕೀಲಿ ಆ ದಾಖಲೆಗೆ ಕಟ್ಟಿಕೊಂಡಿರುತ್ತದೆ. 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳದವರು ವೈ ಒತ್ತಿದರೆ ಡಿಸ್ಕಿನಲ್ಲಿರುವ ಮದುವೆಗಳೆಲ್ಲ ಬೀಗದೊಳಗೆ ಉಳಿಯುತ್ತವೆ. ಅವನ ಡಿಸ್ಕಿಗೆ ಬಿಟ್‌ಲಾಕರ್ ಹಾಕಿಲ್ಲ ಎಂದು ಕೇಳಿ ಖಚಿತಪಡಿಸಿಕೊಂಡು ಆಮೇಲೆ ವೈ ಒತ್ತಿಸಿದೆ. ವಿಂಡೋಸ್ ಬಂತು. ಟಾಸ್ಕ್ ಮ್ಯಾನೇಜರಿನಲ್ಲಿ 16 ಚೌಕಗಳು.

2200ಜಿ ಡಬ್ಬಿ ಸೇರಿ ಕಡೂರಿಗೆ ಹೊರಟಿತು. ಹೋಗುವಾಗ ಆ ಹುಡುಗ ಕೇಳಿದ: "ಆಂಟಿ, ನಾಳೆ ನಾನು ಬೇರೆ ಪ್ರೊಸೆಸರ್ ಹಾಕಿಸಿದಾಗ ಇದನ್ನ ಮಾರಬಾರದಾ?" ಮಾರಬಹುದು, ಹೊಸದು ಓಡಿದ ಮೇಲೆ ಎಂದೆ.

ಆಮೇಲೆ ಯೋಚಿಸಿದೆ, ಮಾರದೆ ಇಟ್ಟರೆ ಇನ್ನೂ ಒಳ್ಳೆಯದು. ತಿಪಟೂರು, ಕಡೂರು, ಅರಸೀಕೆರೆಯಂಥ ಊರುಗಳಲ್ಲಿ ಹಳೆಯ ಬಯಾಸ್‌ನ ಎಎಂ4 ಬೋರ್ಡುಗಳು ಇನ್ನೂ ಬಹಳ ಇವೆ. ಸ್ಟುಡಿಯೋಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ, ಓದುವ ಮಕ್ಕಳ ಮೇಜುಗಳ ಮೇಲೆ. ಅವು ಹೊಸ ಪ್ರೊಸೆಸರು ಹಾಕಿಸಿಕೊಂಡು ಇನ್ನೂ ಕೆಲವು ವರ್ಷ ದುಡಿಯಬಲ್ಲವು. ನಿಮ್ಮ ಮನೆಯ ಡ್ರಾಯರಿನಲ್ಲಿ ಮೊದಲ ಅಥವಾ ಎರಡನೆಯ ಪೀಳಿಗೆಯ ರೈಝೆನ್ ಪ್ರೊಸೆಸರು ಸುಮ್ಮನೆ ಬಿದ್ದಿದ್ದರೆ ಡಬ್ಬಿಯಲ್ಲಿ ಜೋಪಾನವಾಗಿಡಿ, ಇದೆ ಎಂದು ನಾಲ್ಕು ಜನಕ್ಕೆ ಹೇಳಿಡಿ, ಕೇಳಿ ಬಂದವರಿಗೆ ಒಂದು ದಿನದ ಮಟ್ಟಿಗೆ ಎರವಲು ಕೊಡಿ. ಪಾಲಿಟೆಕ್ನಿಕ್ಕುಗಳ ಲ್ಯಾಬಿನವರೂ ಒಂದನ್ನು ಬೀರುವಿನಲ್ಲಿ ಇಟ್ಟುಕೊಳ್ಳಲಿ.